ಗುಡ್ಡವನ್ನು ಬಯ್ದದ್ದು

ಆ ಸೀಮೆಯಲ್ಲಿ ಕೂಗಿದರೆ ಬೆಟ್ಟಗಳು ಓಗೊಡುತ್ತಿದ್ದವು. ಆದರೆ ಒಂದೊಂದು ಬೆಟ್ಟಕ್ಕೂ ಒಂದೇ ಭಾಷೆ ಗೊತ್ತು. ಉಳಿದವೆಲ್ಲ ಹಗಲಿಡೀ ಕನ್ನಡದಲ್ಲಿ ಹರಟುತ್ತಿದ್ದರೆ, ಕೂರಲ ಭಾಷೆಯ ಜೇನುಗುಡ್ಡ ಮಾತ್ರ ಬಾಯಿ ಮುಚ್ಚಿ ಮಲಗಿತ್ತು. ಜೊತೆಗೆ ಅದರ ಒರತೆಯೂ ಬತ್ತಿತ್ತು. ಕೂರಲದವರಲ್ಲಿ ಉಳಿದವಳು ಬೊಳ್ಳಜ್ಜಿಯೊಬ್ಬಳೇ; ಅವಳ ದನಿಯೂ ಬಿದ್ದುಹೋಗಿ ಪಿಸುಮಾತಾಗಿತ್ತು. ಪಿಸುಮಾತು ಗುಡ್ಡಕ್ಕೆ ಕೇಳಿಸದು.

ಹಾಗಾಗಿ ಅಜ್ಜಿಯಿಂದ ಭಾಷೆ ಕಲಿತ ಸಂಶೋಧಕಿ ನಳಿನಾಕ್ಷಿ ದಿನಾ ಹತ್ತಿ ಬಂದು ಕೂಗುತ್ತಿದ್ದಳು. ಇವತ್ತೂ ಶುದ್ಧ ಕೂರಲದಲ್ಲಿ ಕೇಳಿದಳು: "ಈ ಕಲ್ಲಿಗೆ ಏನನ್ನುತ್ತೀರಿ? ಈ ಮರಕ್ಕೆ?"

ಗುಡ್ಡ ಮಿಸುಕಲಿಲ್ಲ.

ಜೊತೆಗೆ ಹತ್ತಿ ಬಂದಿದ್ದ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಹೆಸ್ರು ಕೇಳೋರು ಹೊರಗ್ನೋರು ಕಣವ್ವ. ನಮ್ಮೋರು ಮನೆಗೆ ಬಂದ್ರೆ ಮೊದ್ಲು ಬಯ್ತಾರೆ."

ಬಯ್ಯುವುದಕ್ಕೆ ನಳಿನಾಕ್ಷಿಗೆ ಬಾಯಿ ಬರಲಿಲ್ಲ. ಬಂಡೆಗೊರಗಿ ಕೂತಳು. ಬಿಸಿಲು ಜೇನಿನಂತೆ ನಿಧಾನವಾಗಿ ಇಳಿಯುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಆ ಮಂಪರಿನಲ್ಲಿ ಕೂರಲ ತಾನಾಗಿಯೇ ಬಾಯಿಂದ ಹೊರಬಿತ್ತು: "ನಿನ್ನ ಹತ್ತಿ ಹತ್ತಿ ನನ್ ಕಾಲು ಬಿದ್ದೋಯ್ತು. ಹಸ್ಕೊಂಡು ಬಂದೋಳ್ಗೆ ಒಂದು ಮಾತಿಲ್ಲ! ಎದ್ದು ಹಿಟ್ಟಿಕ್ಕೇ, ಸೋಮಾರಿ!"

ಗುಡ್ಡ ಉದ್ದಕ್ಕೆ ಆಕಳಿಸಿತು. ಜೇನುಗಳು ಗುಂಯ್ಯೆಂದು ಎದ್ದು ಮತ್ತೆ ಕೂತವು. ಎಷ್ಟೋ ತಲೆಮಾರಿನ ಹೆಂಗಸರ ದನಿ ಒಂದಾದಂತೆ, ಬಂಡೆಯೊಳಗಿಂದ ಕೂರಲದ ಗದರಿಕೆ ಕೇಳಿಸಿತು: "ಇಷ್ಟೊತ್ತಿಗಾ ಬರೋದು? ಹೋಗು, ಕೈ ತೊಳ್ಕೋ."

ಒರತೆಯಲ್ಲಿ ನೀರು ಗುಳುಗುಳು ಎಂದಿತು.

ನಳಿನಾಕ್ಷಿ ರೆಕಾರ್ಡರಿಗೆ ಕೈ ಚಾಚಿದಳು. ಬೊಳ್ಳಜ್ಜಿ ಆ ಕೈ ಹಿಡಿದು ನೀರಿಗೆ ಒಡ್ಡಿದಳು.