ಎಂಟು ದಿನ ಅವನಿಗೆ ಕೇಳಿಸದ ಸದ್ದು

"ಬಾಯಿ ಮುಚ್ಚಿಕೊಂಡ ಕುಂದ್ರು ಯವ್ವಾ! ರೊಟ್ಟಿ ಬಡಿಯೂದ ಬಿಟ್ಟು ಏನ್ ಗೊತ್ತೈತಿ ನಿನಗ? ಕಾರಿನ ಸದ್ದು ಹೇಳಾಕ ಬಂದಾಳ...!"

ನನ್ನ ಗ್ಯಾರೇಜಿನ ಮುಂದೆ, ಚಹಾ ಕುಡಿಯುತ್ತಿದ್ದ ಏಳೆಂಟು ಮಂದಿಯ ಎದುರಿಗೆ, ಒಬ್ಬ ದೊಡ್ಡ ಮನುಷ್ಯ ಹೆತ್ತ ತಾಯಿಗೆ ಹೇಳಿದ ಮಾತಿದು.

ದೊಡ್ಡ ಮನುಷ್ಯ ಅಂದರೆ... ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಣ್ಣಿಗೆ ಕರಿ ಗ್ಲಾಸು. ನಮ್ಮ ಗೋಕಾಕದಲ್ಲಿ ಇಷ್ಟಿದ್ದರೆ ಸಾಕು.

ಎಂಟು ದಿನದ ಹಿಂದೆ ಹೊಳೆ ನೀರು ಸೇತುವೆ ಏರಿತ್ತು. ಪೊಲೀಸರು ಬೇಡವೆಂದರೂ ಈ ಪುಣ್ಯಾತ್ಮ ಗಾಲಿ ಮುಳುಗುವ ನೀರಿನಲ್ಲಿ ಕಾರು ದಾಟಿಸಿದ್ದ. ಮೇಲಿಂದ ಅದನ್ನೇ ವಾಟ್ಸಾಪ್ ಸ್ಟೇಟಸ್ ಬೇರೆ ಇಟ್ಟಿದ್ದನಂತೆ... ಶೂರ!

ಅಂದಿನಿಂದ ಕಾರಿನಲ್ಲಿ ಒಂದು ಸದ್ದು.

"ಬೆಲ್ಟ್ ಹಸಿ ಆಗ್ಯಾವ. ಮೊಬೈಲ್‌ನ್ಯಾಗ ನೋಡೇನಿ. ಸ್ಪ್ರೇ ಹೊಡದ ಬಿಡು, ಬ್ಯಾರೆ ಕಡೆ ಕೈ ಹಚ್ಚಬ್ಯಾಡ. ಇನ್ನೊಂದು ತಾಸಿಗೆ ಪುಣೆಗೆ ಹೊಂಟೇವಿ" ಎಂದ ನನಗೆ.

ಕಾರಿನೊಳಗೆ ಹೆಂಡತಿ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಹಿಂದಿನ ಸೀಟಿನ ಬಲಗಡೆ ಆ ಅಜ್ಜಿ, ಅವನ ತಾಯಿ.

ಅಜ್ಜಿ ಅಂದದ್ದು ಇಷ್ಟೇ... "ತಮ್ಮಾ, ನನ್ನ ಬುಡಕಿನ ಗಾಲ್ಯಾಗ ಏನೋ ಆಗೇತಿ, ನೋಡಪಾ." ಅದಕ್ಕೇ ಈ ಮರ್ಯಾದೆ!

ಸಾಹೇಬ ಚಹಾದಂಗಡಿ ಕಡೆ ಹೋದ. ನಾನು ಅಜ್ಜಿಯ ಕಿಟಕಿಗೆ ಬಗ್ಗಿದೆ.

"ಯಾವಾಗ ಬರತೈತಿ ಆಯಿ, ಆ ಸದ್ದು?"

"ನಿಂತಾಗ ಇಲ್ಲಪಾ. ಮಷಿನ್ ಚಾಲೂ ಇದ್ರೂ ಇಲ್ಲ. ಗಾಡಿ ಉರುಳಾಕ ಹತ್ತಿದ್ರ ಸುರು... ಎಡಕ್ಕ ಹೊಳ್ಳಿದ್ರ ಮತ್ತಿಷ್ಟು. ಬೀಸೂಕಲ್ಲಿನ ಗೂಟ ಸವದ್ರ ಗುರ್ ಅಂತೈತಲ್ಲ, ಥೇಟ್ ಹಂಗ. ಮೊದಲ ಸಣ್ಣ ಇತ್ತು. ದಿನಾ ದಪ್ಪ ಆಗಾಕ ಹತ್ತೇತಿ. ಎಂಟು ದಿನದಿಂದ ಇವಂಗ ಹೇಳಾಕ ಹತ್ತೇನಿ, ಕೇಳೂದ ಇಲ್ಲ."

ನಾನು ಬಗ್ಗಿ ಆ ಗಾಲಿಯ ಕಡೆ ನೋಡಿದೆ.

ಎಂಜಿನ್ನಿನ ಬೆಲ್ಟ್ ಆಗಿದ್ದರೆ, ಎಂಜಿನ್ ಚಾಲೂ ಇದ್ದಾಗ ಕಾರು ನಿಂತಿದ್ದರೂ ಕಿರುಚಬೇಕು. ಎಡಕ್ಕೆ ತಿರುಗಿದರೆ ಭಾರ ಬೀಳುವುದು ಬಲಗಾಲಿಗೆ. ಅಂದರೆ ಹಿಂದಿನ ಬಲಗಾಲಿಯ ಬೇರಿಂಗ್, ಗಾಲಿ ಉರುಳುವುದೇ ಅದರ ಮೇಲೆ! ಹತ್ತು ವರ್ಷ ಗ್ರೀಸಿನಲ್ಲಿ ಕೈಯಾಡಿಸಿದ ನಾನೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ.

ಎಲ್ಲರನ್ನೂ ಇಳಿಸಿ, ಜಾಕ್ ಹಚ್ಚಿ ಗಾಲಿ ತಿರುವಿದೆ. ಗುರ್ರ್... ಹಿಡಿದು ಅಲುಗಿಸಿದರೆ ಸಡಿಲಾದ ಹಲ್ಲಿನಂತೆ ಅಲುಗಿತು.

ಹೈವೇಯಲ್ಲಿ, ನೂರರ ಸ್ಪೀಡಿನಲ್ಲಿ ಈ ಗಾಲಿ ಜಾಮ್ ಆಗಿದ್ದರೆ... ಆ ಮಕ್ಕಳ ಕಡೆ ನೋಡಲಾಗಲಿಲ್ಲ ನನಗೆ.

"ಆಯಿ, ನೀವಂದದ್ದ ಖರೆ ಐತಿ. ಸಾಹೇಬ್ರಿಗೆ ಹೇಳತೇನಿ."

ಅಜ್ಜಿ ಗಾಬರಿಯಾಗಿ ನನ್ನ ಗ್ರೀಸ್ ಕೈಯನ್ನೇ ಹಿಡಿದುಕೊಂಡರು.

"ನಾ ಅಂದೆ ಅನಬ್ಯಾಡ ತಮ್ಮಾ! ನೀನ ಹುಡುಕಿದಿ ಅನ್ನು. ನಾ ಅಂದೇನಿ ಅಂತ ತಿಳದ್ರ ಹಟಕ್ಕ ಬಿದ್ದು ಗಾಡಿ ಹಂಗ ಹೊಡಕೊಂಡ ಹೋಗತಾನ... ಕೂಸುಗೋಳು ಅದಾವಪಾ..."

ಕಣ್ಣಲ್ಲಿ ನೀರು ಬಂತು ನನಗೆ. ಸಿಟ್ಟಿಗೋ, ಸಂಕಟಕ್ಕೋ...

ಸಾಹೇಬ ಬಂದ. ಗಾಲಿ ಅಲುಗಿಸಿ ತೋರಿಸಿದೆ. ನಾನೇ ಹುಡುಕಿದೆ ಎಂದೆ. ಎಂಟು ದಿನ ತಾಯಿ ಹೇಳಿದರೂ ಒಪ್ಪದವನು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹೇಳಿದರೆ ಒಂದೇ ಮಾತಿಗೆ ಒಪ್ಪಿದ!

ಬೇರಿಂಗ್ ಬಿಚ್ಚಿದರೆ ಒಳಗೆಲ್ಲ ಹೊಳೆಯ ಮಣ್ಣು, ತುಕ್ಕು. ಹೊಸದು ತರಿಸಿ ಕೂಡಿಸಿದೆ. ಒಂದು ಸುತ್ತು ಓಡಿಸಿ ನೋಡಿದರೆ ಸದ್ದೇ ಇಲ್ಲ.

ಆಗ ಅವನು ಎಲ್ಲರಿಗೂ ಕೇಳುವಂತೆ ತಾಯಿಗೆ ಹೇಳಿದ...

"ನೋಡಿದೇನ ಯವ್ವಾ? ಇದಕ್ಕ ತಿಳದಾವ್ರ ಬೇಕಾಗತೈತಿ. ನಿನ್ನಂಗ ಕುಂತಲ್ಲೆ ವಟವಟ ಅಂದ್ರ ಆಗೂದಿಲ್ಲ!"

ಚಹಾದಂಗಡಿಯ ಮಂದಿ ನಕ್ಕರು. ಅಜ್ಜಿಯೂ ನಕ್ಕರು...

ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಬೇರಿಂಗ್ ಬದಲಾಗಿತ್ತು. ಇನ್ನು ಸುಳ್ಳು ಯಾಕೆ?

"ಸಾಹೇಬ್ರ, ಸದ್ದು ಹಿಡದಾಂವ ನಾ ಅಲ್ಲ. ನಿಮ್ಮ ಅವ್ವ. ಯಾವ ಗಾಲಿ, ಯಾವ ಕಡೆ ಹೊಳ್ಳಿದ್ರ ಜಾಸ್ತಿ... ಎಲ್ಲಾ ಅವರ ಹೇಳಿದ್ರು. ಅವರ ಹೆಸರು ಕೇಳಿದ್ರ ನೀವು ಹಟಕ್ಕ ಹಂಗ ಹೋಗತೀರಿ, ಕೂಸುಗೋಳು ಉಳಿಯೂದಿಲ್ಲ ಅಂತ ನನ್ನ ಕಡೆಯಿಂದ ಸುಳ್ಳು ಹೇಳಿಸಿದ್ರು. ಹೆತ್ತಾಕಿ ಮಗನ ಜೀವಾ ಉಳಸಾಕೂ ಕದ್ದು ಮುಚ್ಚಿ ಮಾಡಬೇಕೇನ್ರೀ?"

ಹೆಂಡತಿ ತಲೆ ತಗ್ಗಿಸಿದಳು. ಸಣ್ಣ ಮಗಳು ಹೋಗಿ ಅಜ್ಜಿಯ ಸೆರಗು ಹಿಡಿದು ನಿಂತಳು.

ಅವನು ನನ್ನನ್ನು ದುರುಗುಟ್ಟಿ ನೋಡಿದ. ತಾಯಿಯ ಮುಖ ಮಾತ್ರ ನೋಡಲಿಲ್ಲ.

ರಿಂಗೇ ಆಗದ ಫೋನನ್ನು ಕಿವಿಗಿಟ್ಟುಕೊಂಡು, ರಸ್ತೆಯ ಆ ಕಡೆ ನಡೆದುಬಿಟ್ಟ...

ತಾಯಿ ಹೇಳಿದಳು ಅನ್ನೋ ಒಂದೇ ಕಾರಣಕ್ಕೆ ಸತ್ಯವನ್ನು ತಳ್ಳಿಹಾಕುವವನು ಎಷ್ಟು ದೊಡ್ಡ ಗಾಡಿಯಲ್ಲಿ ಕೂತರೂ ಸಣ್ಣವನೇ.

ನಿಮ್ಮ ಮನೆಯಲ್ಲಿ ನಿಮಗೆ ಹೆದರಿ, ತಮ್ಮ ಮಾತನ್ನು ಇನ್ನೊಬ್ಬರ ಬಾಯಿಂದ ಹೇಳಿಸುತ್ತಿರುವವರು ಯಾರು... ಒಮ್ಮೆ ಯೋಚಿಸಿದ್ದೀರಾ?