ನೋವಿಗೆ ಊಟ

ಆ ಕಾಲೇಜಿನಲ್ಲಿ ರೊಕ್ಕ ನಡೆಯುತ್ತಿರಲಿಲ್ಲ, ನೋವು ನಡೆಯುತ್ತಿತ್ತು. ಅಂಗೈಗೆ ಅಂಗೈ ಒತ್ತಿ ಉಳ್ಳವರ ಹಲ್ಲುನೋವು, ಸೊಂಟನೋವು ತಮ್ಮ ಮೈಗೆ ಇಳಿಸಿಕೊಂಡವರಿಗೆ ಕ್ಯಾಂಟೀನಿನಲ್ಲಿ ಊಟ. ಗುರುಬಾಯಿ ಹಾಗೆ ಮಂದಿಯ ನೋವು ಹೊತ್ತು, ಅರೆಹೊಟ್ಟೆಯಲ್ಲಿ ಓದಿದವಳು.

ಇದ್ದೊಂದು ವಿದ್ಯಾರ್ಥಿವೇತನಕ್ಕೆ ಅವಳೊಂದಿಗೆ ಪೈಪೋಟಿಗಿದ್ದ ಸಂಯುಕ್ತಾ ಪರೀಕ್ಷೆಯ ಹಿಂದಿನ ದಿನ ಕ್ಯಾಂಟೀನಿನಲ್ಲಿ ಅವಳ ಎದುರಿಗೆ ಬಂದು ಕೂತಳು.

"ನನ್ನ ತಲಿನೋವು ತಗೋ. ವಾರದ ಊಟ ಕೊಡ್ತೀನಿ."

"ನಾಳೆ ಪರೀಕ್ಷಾ ಐತಿ ಅಂತನ ಬಂದಿ, ಹೌದಿಲ್ಲೋ?"

"ಮತ್ತ? ಉಪವಾಸ ಬಿದ್ದು ಬರೀತೀಯೇನು?"

ಸುತ್ತಲಿನವರು ಕಿಸಕ್ಕನೆ ನಕ್ಕರು.

"ನಿನ್ನ ಊಟ ಬ್ಯಾಡವ್ವಾ. ನೋವಿಗೆ ನೋವು ಬದ್ಲಿ ಮಾಡೋಣು. ಇಷ್ಟು ವರ್ಷದ ನನ್ನ ಹಸಿವು ತಗೋ."

"ಇಷ್ಟೇನಾ?" ಸಂಯುಕ್ತಾ ನಗುತ್ತಲೇ ಅಂಗೈ ಒತ್ತಿದಳು.

ರೊಟ್ಟಿಯ ಮೇಲೆ ರೊಟ್ಟಿ ಮುಗಿದರೂ ಅವಳ ಕೈ ತಟ್ಟೆ ಬಿಡಲಿಲ್ಲ. "ವಾಪಸ್ ತಗೊಳ್ಳೇ!" ಎಂದು ಅಳತೊಡಗಿದಳು.

ಸಿಡಿಯುವ ತಲೆಗೆ ವೇಲು ಬಿಗಿದುಕೊಂಡು ಗುರುಬಾಯಿ ಪುಸ್ತಕ ತೆರೆದಳು. "ರೂಢಿ ಆಗ್ತೈತಿ. ಹೋಗು, ಓದ್ಕೋ."