ಬೆಣ್ಣೆಯಂಥ ರಿವಾಲ್ವರ್

"ಅದನ್ನ ನನ್ನ ಕೈಯಾಗ ಕೊಡಬ್ಯಾಡ್ರಿ ಕಾಕಾ. ಗುಜರಿಗೆ ಹಾಕ್ರಿ," ಎಂದಳು ಸುವರ್ಣಾ.

ಮಾಳಿಂಗಪ್ಪ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೈಯಲ್ಲಿದ್ದದ್ದು ಹಳೆಯ ರಿವಾಲ್ವರ್. ಹಿಡಿಕೆಯ ಕಟ್ಟಿಗೆ ಸವೆದು ನುಣ್ಣಗಾಗಿತ್ತು. ಮೂವತ್ತೈದು ವರ್ಷ ಪೊಲೀಸರ ಆಯುಧ ನೋಡಿಕೊಂಡ ಮನುಷ್ಯ. ಈ ತಿಂಗಳ ಕೊನೆಗೆ ನಿವೃತ್ತಿ. ಇದರ ಜೊತೆಯ ರಿವಾಲ್ವರುಗಳೆಲ್ಲ ಒಂದೊಂದಾಗಿ ಮುರಿಯಲು ಹೋಗಿದ್ದವು. ಉಳಿದದ್ದು ಇದೊಂದೇ, ಇದಕ್ಕೂ ಸೋಮವಾರದ ಗಡುವು.

"ಒಮ್ಮೆ ಹಿಡದರ ನೋಡವ್ವಾ."

"ಏನ ನೋಡೂದೈತ್ರಿ? ನಮ್ಮ ಮುತ್ಯಾನ ಕಾಲದ್ದು. ಆರ ಗುಂಡು ಹಾರಿಸಿ ಕುಂತಬಿಡತೈತಿ. ಒಜ್ಜಾ ನೋಡಿದ್ರ ಒಳ್ಳೇ ಒಳಕಲ್ಲು!"

ಪೊಲೀಸರಿಗೆ ವರ್ಷಕ್ಕೊಮ್ಮೆ ನಡೆಯುವ ಗುರಿ ಪರೀಕ್ಷೆ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆಯವರು ಗೊಳಸಂಗಿಯಾಚೆಯ ಕಲ್ಲುಗುಡ್ಡದ ಕೆಳಗೆ ಸೇರಿದ್ದರು. ಸುವರ್ಣಾ ಯಂಕಂಚಿಯ ಹೆಣ್ಣುಮಗಳು, ಹೆಡ್ ಕಾನ್‌ಸ್ಟೇಬಲ್. ಸಂತೆಯಲ್ಲಿ ಕಿಸೆಗಳ್ಳನ ಕೊರಳಪಟ್ಟಿ ಹಿಡಿದಳೆಂದರೆ ಬಿಡಿಸಿಕೊಂಡು ಹೋದವನಿಲ್ಲ. ಪಿಸ್ತೂಲು ಹಿಡಿದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಹೋದ ವರ್ಷ ಅದರ ಹಿಂಭಾಗ ಜಾರಿ ಬಂದು ಹೆಬ್ಬೆರಳಿನ ಚರ್ಮ ಕಿತ್ತಿತ್ತು. ಅದರ ಹಿಂದಿನ ವರ್ಷ ಅದು ಒದ್ದ ರಭಸಕ್ಕೆ ಮೂರು ದಿನ ಮಣಿಕಟ್ಟು ಎತ್ತಲಾಗಿರಲಿಲ್ಲ. ಎರಡೂ ಸಲ ನಪಾಸು. ಇವತ್ತೂ ಹಾಗೇ ಆದರೆ ಎಎಸ್‌ಐ ಬಡ್ತಿ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದು ಸಾಹೇಬರು ಮುಂಜಾನೆಯೇ ಹೇಳಿದ್ದರು.

"ಪಿಸ್ತೂಲು ಹಗೂರ ಇರತೈತಿ, ಅದಕ್ಕ ಒದೀತೈತಿ," ಎಂದ ಮಾಳಿಂಗಪ್ಪ. "ಇದರ ಒಜ್ಜಾನ ಒದಿಯೂದನ್ನ ಅರ್ಧಾ ನುಂಗತೈತಿ. ಎಳಿಯೂದಿಲ್ಲ, ಜಗ್ಗೂದಿಲ್ಲ. ಟ್ರಿಗರ್ ಒತ್ತೂದು ಅಷ್ಟ. ಆರ ಸಲ ಒತ್ತಿ ಬಾ."

ಹೆಬ್ಬೆರಳಿನ ಕಲೆ ನೋಡಿಕೊಂಡಳು. ರಿವಾಲ್ವರ್ ಇಸಿದುಕೊಂಡಳು.

ಒಂದೇ ಸಾಲಿನಲ್ಲಿ ಐದು ಜನ ನಿಲ್ಲಬೇಕು, ಒಬ್ಬೊಬ್ಬರಿಗೆ ಆರು ಗುಂಡು. ಸುವರ್ಣಾ ನಾಲ್ಕನೆಯವಳು. ಅವಳ ಬಲಕ್ಕೆ ಇಂಡಿ ಕಡೆಯ ಅನಿಲ. ಎರಡು ವರ್ಷದಿಂದ ಮೊದಲ ನಂಬರು ಬಿಟ್ಟುಕೊಡದ ಹುಡುಗ. ಮುಂದಿನ ವಾರ ಅವನ ಮದುವೆ ನಿಶ್ಚಯ. ಹುಡುಗಿಯ ಜೊತೆ ಫೋನಿನಲ್ಲಿದ್ದವನು ಸೀಟಿ ಕೇಳಿ ಓಡಿಬಂದು ನಿಂತ. ಅವಳ ಕೈ ನೋಡಿ ನಕ್ಕ.

"ಅಕ್ಕಾರ, ಮ್ಯೂಜಿಯಮ್ಮಿಂದ ತಂದ್ರೇನ್ರಿ?"

"ಮುಂದ ನೋಡಲೇ ತಮ್ಮಾ," ಎಂದು ಸುವರ್ಣಾ ಕಿವಿಗೆ ಹತ್ತಿ ತುರುಕಿಕೊಂಡಳು.

ಬಯಲು ಮಡ್ಡಿಯ ಗಾಳಿ ಜೋರಿತ್ತು. ಗುರಿಹಲಗೆಗಳ ಮೇಲೆ ಅಂಟಿಸಿದ್ದ ನಂಬರಿನ ಚೀಟಿಗಳು ಆಗಲೇ ಹಾರಿಹೋಗಿದ್ದವು. "ಎಲ್ಲಾರೂ ತಂತಮ್ಮ ಎದುರಿನ ಹಲಗಿ ನೋಡ್ರಿ," ಎಂದು ಸಾಹೇಬರು ಕೂಗಿ ಮತ್ತೆ ಸೀಟಿ ಊದಿದರು.

ಢಂ ಢಂ ಢಂ! ಐದೂ ಜನರ ಸದ್ದು ಒಂದರ ಮೇಲೊಂದು ಬಿದ್ದು ಗುಡ್ಡವೇ ಗುಡುಗಿತು. ಸುವರ್ಣಾ ಕಣ್ಣು ಮುಚ್ಚಿ, ಬಸವಣ್ಣನನ್ನು ನೆನೆದು ಟ್ರಿಗರ್ ಒತ್ತಿದಳು. ಹೆಬ್ಬೆರಳು ಹೆಬ್ಬೆರಳಾಗಿಯೇ ಇತ್ತು. ಮಣಿಕಟ್ಟು ಅಲುಗಲಿಲ್ಲ. ಒಂದು ಕಣ್ಣು ತೆರೆದಳು. ಇನ್ನೊಮ್ಮೆ ಒತ್ತಿದಳು. ಒಳಗೆ ಏನೋ ನಯವಾಗಿ ಉರುಳಿದ ಹಾಗಾಯಿತು, ಅಷ್ಟೇ. ಮೂರು, ನಾಲ್ಕು, ಐದು, ಆರು. ಎದೆಯ ಮೇಲಿನ ಕಲ್ಲು ಇಳಿಸಿದಂತೆ ಉಸಿರುಬಿಟ್ಟಳು.

ರಿವಾಲ್ವರನ್ನು ಬಿಚ್ಚಿ ತೋರಿಸುವ ಮೊದಲೇ ಹಲಗೆಯ ಹತ್ತಿರದಿಂದ ಕೂಗೆದ್ದಿತು. ಅದನ್ನು ಮೇಜಿನ ಮೇಲಿಟ್ಟು ಅವಳೂ ಎಲ್ಲರ ಹಿಂದೆ ಓಡಿದಳು.

ಅವಳ ಹಲಗೆಯಲ್ಲಿ ಆರು ತೂತು. ಆರೂ ನಡುವಿನ ಕರಿ ವೃತ್ತದೊಳಗೆ, ಒಂದು ಮುಷ್ಟಿಯಷ್ಟು ಜಾಗದಲ್ಲಿ. ಅನಿಲನ ಹಲಗೆ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ನನ್ನ ಕೈ ತಪ್ಪಲ್ರಿ ಸರ್," ಅನಿಲನಿಗೆ ಅಳು ಬಂದಿತ್ತು. "ಪಿಸ್ತೂಲಾನ ಕೆಟ್ಟೈತ್ರಿ. ನನಗೂ ಅಂಥಾ ರಿವಾಲ್ವರ್ ಕೊಡ್ರಿ!"

ಸಾಹೇಬರು ತೂತುಗಳನ್ನು ಎರಡೆರಡು ಸಲ ಎಣಿಸಿ, ಸುವರ್ಣಾಳ ಹೆಸರಿನ ಮುಂದೆ ಪಾಸು ಎಂದು ಬರೆದರು. ಮಾಳಿಂಗಪ್ಪನ ಕಡೆ ತಿರುಗಿ, "ಅದನ್ನ ಸೋಮವಾರ ಕಳಸಬ್ಯಾಡ್ರಿ. ನಾ ಮ್ಯಾಲಿನವರ ಜೋಡಿ ಮಾತಾಡ್ತೇನಿ," ಎಂದರು. ಮುದುಕ ಪಟಕಾದ ಸೆರಗಿನಷ್ಟು ದೊಡ್ಡ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ಚಹಾ ಬಂತು. ಸುವರ್ಣಾ ಮಗಳಿಗೆ ಫೋನು ಹಚ್ಚಿದಳು. ಈಚೆ ಮೇಜಿನ ಹತ್ತಿರ ಮಾಳಿಂಗಪ್ಪ ಹಾರಿದ ಗುಂಡುಗಳ ಖಾಲಿ ಕೊಳವೆಗಳನ್ನು ಲೆಕ್ಕ ಒಪ್ಪಿಸಲು ಆರಿಸುತ್ತಿದ್ದ.

"ಸಾಕ್ಷಿ, ಪಾಸಾದ್ನೆವ್ವಾ! ಇನ್ನ ಪಿಸ್ತೂಲು ಅನ್ನೂದರ ಹೆಸರ ಎತ್ತಬ್ಯಾಡ. ಸುಮ್ಮ ಸುಮ್ಮನ ಈ ರಿವಾಲ್ವರಿಗೆ ಬೈದೆ. ಎಂಥಾ ಬೆಣ್ಣಿಯಂಥಾದ್ದು ಅಂತಿ! ಒದಿಯೂದಂತೂ ದೂರ, ಕೈಯಾಗ ಮಿಸುಕಲೂ ಇಲ್ಲ."

ಮಾಳಿಂಗಪ್ಪನ ಕೈ ನಿಂತಿತು.

"ಏನಂದಿ?"

"ಹೌದ್ರಿ ಕಾಕಾ. ನೀವಂದದ್ದು ಖರೇ ಆತು. ಒಂದೀಟೂ ಒದೀಲಿಲ್ಲ."

"ಕಮ್ಮಿ ಒದೀತೈತಿ ಅಂದಿದ್ದೆನವ್ವಾ," ಎಂದ ಮುದುಕ ಮೆಲ್ಲಗೆ. "ಒದಿಯೂದ ಇಲ್ಲ ಅಂದಿರಲಿಲ್ಲ."

ಅವನು ರಿವಾಲ್ವರ್ ಎತ್ತಿಕೊಂಡು ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಸರಿಸಿ, ಅಂಗೈ ಮೇಲೆ ಬೋರಲು ಮಾಡಿದ. ಬಿದ್ದವು ಆರು ತುಂಬಿದ ಗುಂಡುಗಳು, ಬುಡಕ್ಕೆ ಒಂದೊಂದು ಚುಕ್ಕೆ ಏಟು ಬಿದ್ದು ಹಾರದೇ ಉಳಿದ ಠುಸ್ ಗುಂಡುಗಳು.

ಬೇವಿನ ಗಿಡದ ಬುಡದಲ್ಲಿ, ಸುವರ್ಣಾಳ ಹಲಗೆಗೆ ಆರೂ ತೂತು ಹೊಡೆದ ಅನಿಲ ಇನ್ನೂ ತನ್ನ ಪಿಸ್ತೂಲಿಗೆ ಬೈಯುತ್ತ ಕೂತಿದ್ದ.